ಕಿಟಕಿಯ ಕೂಳೆ

ಈ ಹೂವಿಗೆ ವಾಸನೆಯಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೆನಪು ಅಂದ ಕೂಡಲೇ ಯಾವುದೋ ಪರಿಮಳ ಮೂಗಿಗೆ ಬಡಿದು ಎಲ್ಲವೂ ಬಿಚ್ಚಿಕೊಳ್ಳಬೇಕು ಎಂದು ಓದುವವರು ಕಾಯುತ್ತಾರೆ. ನನ್ನ ಮೂಗಿಗೆ ಬಡಿದದ್ದು ಕೂಲರಿನ ವಾಸನೆ. ಬಿಸಿಲು ಶುರುವಾಯಿತೆಂದು ಮೊನ್ನೆ ಕೂಲರನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ನೀರು ತುಂಬಿ ಬಟನ್ ಒತ್ತಿದೆವು. ಅದರ ಬದಿಗಳಿಗೆ ತುಂಬಿದ ಹೋದ ವರ್ಷದ ಹುಲ್ಲು ಮೊದಲ ಸಲ ನೆನೆಯುವಾಗ ಬರುತ್ತದಲ್ಲ, ಅರ್ಧ ಮಣ್ಣಿನಂಥ, ಅರ್ಧ ಗೋಣಿಚೀಲದಂಥ ವಾಸನೆ, ಅದು ಕೋಣೆ ತುಂಬ ಹರಡಿತು. ಅತ್ತೆ ಅಡುಗೆಮನೆಯಿಂದಲೇ ಕೂಗಿದರು:

"ಏ ಮಾಸ್ತರಬಾಯಿ, ನಿನ್ನ ಪಾತರಗಿತ್ತಿಗಿ ಹವಾ ನೇರ ಬಡ್ಯಾಕತ್ತದೇನ ನೋಡು!"

ನೋಡಿದೆ. ಕಿಟಕಿಯ ಬಳಿ ಹೂಕುಂಡವಿದ್ದ ಸ್ಟೂಲನ್ನು ಒಂದು ಗೇಣು ಆಚೆ ಸರಿಸಿದೆ. ಸರಿಸುವಾಗ ಆ ವರ್ಷ ಪೂರ್ತಿ ಕೈಗೆ ಬಂತು.

ಹೇಳುವ ಮೊದಲು ಒಂದು ಮಾತು. ಈ ಕತೆಯನ್ನು ನಾನು ಶಾಲೆಯಲ್ಲಿ, ಬಸ್ಸಿನಲ್ಲಿ, ತವರಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಅದು ನುಣುಪಾಗಿಬಿಟ್ಟಿದೆ. ನುಣುಪಾದ ನೆನಪನ್ನು ನಾನು ನಂಬುವುದಿಲ್ಲ. ಕೈ ಜಾರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ. ಆದ್ದರಿಂದ ಎಲ್ಲೆಲ್ಲಿ ಉಜ್ಜಿದ್ದೇನೆ ಅನ್ನಿಸುತ್ತದೋ ಅಲ್ಲಲ್ಲಿ ನಿಲ್ಲುತ್ತೇನೆ.

ನಮ್ಮ ಮನೆ ಬಸವಕಲ್ಯಾಣದ ಹಳೆಯ ಓಣಿಯಲ್ಲಿದೆ. ಎಡಬಲದ ಗೋಡೆಗಳು ನೆರೆಯವರ ಗೋಡೆಗೆ ಅಂಟಿಕೊಂಡಿವೆ. ಒಳಗೆ ಹೋದಷ್ಟೂ ಮನೆ ಉದ್ದ, ಹೋದಷ್ಟೂ ಕತ್ತಲು. ಅಡುಗೆಮನೆಯಲ್ಲಿ ಹಗಲೂ ಬಲ್ಬು ಉರಿಯಬೇಕು. ಸೂರ್ಯ ಎಂಬುವವನು ಈ ಮನೆಗೆ ಬರುವುದು ಒಂದೇ ಕಡೆಯಿಂದ: ನನ್ನ ಮತ್ತು ಗಂಡನ ಕೋಣೆಯ ಕಿಟಕಿ. ಅದು ಮೂಡಣಕ್ಕೆ, ಓಣಿಯ ಕಡೆ ತೆರೆಯುತ್ತದೆ. ನಾನು ಹುಮನಾಬಾದಿನ ಹೆದ್ದಾರಿ ಬದಿಯ ಮನೆಯಲ್ಲಿ, ನಾಲ್ಕೂ ಕಡೆ ಗಾಳಿ ಆಡುವ ಕಡೆ ಬೆಳೆದವಳು. ಮದುವೆಯಾಗಿ ಬಂದ ಮೇಲೂ ದಿನಾ ಬಸ್ಸು ಹಿಡಿದು ಅಲ್ಲಿಯ ಹೈಸ್ಕೂಲಿಗೇ ಪಾಠ ಮಾಡಲು ಹೋಗುತ್ತೇನೆ. ಬೆಳಿಗ್ಗೆ ಹೊರಡುವ ಮೊದಲು ಆ ಕಿಟಕಿಯ ಕಟ್ಟೆಯ ಮೇಲೆ ಚಹಾ ಇಟ್ಟುಕೊಂಡು ಮಕ್ಕಳ ಪೇಪರು ತಿದ್ದುವ ಸ್ವಲ್ಪ ಹೊತ್ತು ಮಾತ್ರ ನಾನು ಯಾರ ಸೊಸೆಯೂ ಅಲ್ಲ, ಯಾರ ಟೀಚರೂ ಅಲ್ಲ. ಆ ವರ್ಷ ಪಣಕ್ಕೆ ಬಿದ್ದದ್ದು ಆ ಕಿಟಕಿ.

ಶುರುವಾದದ್ದು ಮೈದುನ ಮಹೇಶನ ನಿಶ್ಚಯದ ದಿನ. ಹುಡುಗಿ ಹುಮನಾಬಾದಿನವಳು, ಬಿ.ಎಡ್. ಓದುತ್ತಿದ್ದಳು. ಅವಳ ಓದು ಮುಗಿದು, ಮುಂದಿನ ವರ್ಷ ಶಿವರಾತ್ರಿ ಕಳೆದ ಮೇಲೆ ಮದುವೆ ಎಂದು ಮಾತಾಯಿತು. ಹುಮನಾಬಾದಿನ ಫಂಕ್ಷನ್ ಹಾಲಿನಲ್ಲಿ ಕಾರ್ಯ. ವೇದಿಕೆಯ ಎರಡೂ ಬದಿಗೆ ಹೈದರಾಬಾದಿನಿಂದ ತಂದ ಕುಂಡಗಳು, ಬಾಗಿದ ಕಡ್ಡಿಯ ತುಂಬ ರೆಕ್ಕೆ ಬಿಚ್ಚಿದಂಥ ಬಿಳಿ ಹೂ. ಪತಂಗದ ಹಾಗಿರುವ ಆರ್ಕಿಡ್. ಅತ್ತೆ ಅವನ್ನು ನೋಡಿದ್ದೇ "ಪಾತರಗಿತ್ತಿ ಕುಂತಂಗ ಅವ" ಅಂದರು. ಅಂದಿನಿಂದ ಇಂದಿನವರೆಗೆ ಅವರ ಬಾಯಲ್ಲಿ ಅದರ ಹೆಸರು ಅದೇ.

ಕಾರ್ಯ ಮುಗಿದು ಡೆಕೋರೇಷನ್‌ನವನು ಟೆಂಪೋಗೆ ಸಾಮಾನು ಏರಿಸುತ್ತಿದ್ದ. ಹೂ ಉದುರಿದ ಒಂದು ಕುಂಡ ಗೋಡೆಯ ಮೂಲೆಯಲ್ಲಿ ಉಳಿದಿತ್ತು.

"ಇದನ್ನ ಒಯ್ಯಂಗಿಲ್ಲೇನ್ರಿ?" ಎಂದು ಕೇಳಿದೆ.

"ಅದು ಮುಗೀತು ಮೇಡಂ. ಒಂದ್ ಸಲದ ಮಾಲು. ಹೂ ಉದುರ್ತು ಅಂದ್ರ ಕಚ್ರಾ."

"ಗಿಡ ಜೀವಂತ ಅದಲ್ರಿ."

"ಜೀವಂತ ಇರ್ತದ, ಹೂ ಬಿಡಂಗಿಲ್ಲ. ನಮ್ಮ ಸೇಠನ ಹತ್ರ ಎ.ಸಿ. ಮಷೀನ್ ಅದ, ಅದ್ರಾಗ ಇಟ್ಟು ಬಿಡಸ್ತಾರ. ನಮ್ ಕಡಿ ಬಿಸಲಾಗ ಇದು ಮತ್ತ ಹೂ ಬಿಡ್ತು ಅಂದ್ರ ನಾ ಈ ಧಂಧಾನೇ ಬಿಡ್ತೀನಿ, ತಗೋರಿ!"

ತೆಗೆದುಕೊಂಡೆ. ಊರಿಗೆ ವಾಪಸ್ಸು ಬರುವ ಜೀಪಿನಲ್ಲಿ ಅದು ನನ್ನ ತೊಡೆಯ ಮೇಲಿತ್ತು. ಮುಂದಿನ ಸೀಟಿನಿಂದ ಅತ್ತೆ ಮದುವೆಯ ನಂತರದ ಮನೆಯನ್ನು ಜೋಡಿಸುತ್ತಿದ್ದರು.

"ಮಹೇಶನ ಖೋಲಿಯಾಗಿಂದ ನನ್ನ ಕಪಾಟ ತಗೀಬೇಕಾಗ್ತದ. ಹೊಸಾ ಜೋಡಿ ಇರೂ ಖೋಲಿಗಿ ದಿನಾ ಸೀರಿ ತಗೊಳ್ಳಾಕ ನಾ ಹೋಗೂದು ಬರಾಬರ್ ಅಲ್ಲ. ಸಂಗಮೇಶಾ, ನಿಮ್ಮ ಖೋಲಿಯಾಗ ಖಿಡಕಿ ಮುಂದ ಇಟ್ರ ಬರಾಬರ್ ಕುಂದರ್ತದ ನೋಡು."

ಸಂಗಮೇಶ ನನ್ನ ಗಂಡ. ಬಸವಕಲ್ಯಾಣದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ತಾಯಿ ಮತ್ತು ಹೆಂಡತಿಯ ನಡುವೆ ಮಾತು ಬಂದರೆ ಅವರಿಗೆ ಕೂಡಲೇ ಹೊರಗಿನ ಗದ್ದೆಗಳಲ್ಲಿ ಆಸಕ್ತಿ ಹುಟ್ಟುತ್ತದೆ. ಆಗಲೂ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ "ಹುಂ" ಅಂದರು.

"ಖಿಡಕಿ ಮುಚ್ಚಿ ಹೋಗ್ತದಲ್ಲ ಅತ್ತಿ," ಅಂದೆ.

"ಖಿಡಕಿಯಿಂದ ಏನ್ ಬರ್ತದವಾ? ಓಣಿ ಧೂಳಾ!"

"ಈ ಗಿಡಕ್ಕ ಬೆಳಕ ಬೇಕು."

ಅತ್ತೆ ತಿರುಗಿ ನನ್ನ ತೊಡೆಯ ಮೇಲೆ ಇದ್ದದ್ದನ್ನು ನೋಡಿದರು. ದಪ್ಪ ಎಲೆ ಮೂರೋ ನಾಲ್ಕೋ, ನಡುವೆ ಒಂದು ಬೋಳು ಕಡ್ಡಿ.

"ಈ ಕಡ್ಡಿಗಾ?"

ಜೀಪು ಪೂರ್ತಿ ನಕ್ಕಿತು. ನಗು ಮುಗಿದ ಮೇಲೆ ಅತ್ತೆ ಉದಾರರಾದರು. "ಆಯ್ತು ನಡಿ. ಮದಿವಿ ಒಳಗ ಇದು ಹೂ ಬಿಟ್ರ ಖಿಡಕಿ ನಿಂದು. ಇಲ್ಲಂದ್ರ ಅಲ್ಲಿ ಕಪಾಟ ನಂದು. ಮತ್ತ ಮಾತಾಡಬಾರ್ದು."

ಇಲ್ಲಿ ನಿಲ್ಲುತ್ತೇನೆ. ಇದನ್ನು ಜೀಪಿನಲ್ಲಿ ಅಂದದ್ದಲ್ಲ, ಮರುದಿನ ಮನೆಯಲ್ಲಿ ಅಂದದ್ದು ಎಂದು ಗಂಡ ಹೇಳುತ್ತಾರೆ. ಅತ್ತೆಯನ್ನು ಕೇಳಿದರೆ, ನಿಶ್ಚಯಕ್ಕೆ ಹೋಗುವಾಗಲೇ ಅಂದಿದ್ದೆ ಅನ್ನುತ್ತಾರೆ, ಹೋಗುವಾಗ ಗಿಡವೇ ಇರಲಿಲ್ಲ! ಎಲ್ಲಿ ಅಂದರು ಎಂಬುದರಲ್ಲಿ ಮೂರು ಮಾತಿವೆ. ಅಂದರು ಎಂಬುದರಲ್ಲಿ ಒಂದೇ.

ನನ್ನ ಆಸೆಯೆಲ್ಲ ಆ ಕಡ್ಡಿಯ ಮೇಲಿತ್ತು. ಹೂ ಉದುರಿದರೂ ಕಡ್ಡಿ ಹಸಿರಾಗಿತ್ತು. ಅದನ್ನು ಒಂದು ಗೆಣ್ಣಿನ ಮೇಲೆ ಕತ್ತರಿಸಿದರೆ ಅಲ್ಲಿಂದಲೇ ಟಿಸಿಲು ಒಡೆದು ಬೇಗ ಹೂ ಬರಬಹುದು ಎಂದು ಫೋನಿನಲ್ಲಿ ಓದಿದ್ದೆ. ಯಾವ ಗೆಣ್ಣು ಎಂದು ನಿರ್ಧರಿಸಲಾಗದೆ ದಿನ ತಳ್ಳುತ್ತಿದ್ದೆ. ಒಂದು ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ಕಡ್ಡಿಯೇ ಇಲ್ಲ. ಬುಡಕ್ಕೆ ಹತ್ತಿಸಿ, ಒಂದೇ ಏಟಿಗೆ, ನುಣ್ಣಗೆ ಕಡಿದುಹಾಕಲಾಗಿತ್ತು.

"ಅತ್ತೀ!"

"ನಾನೇ ಕಡದೀನಿ. ನೆಲಕ್ಕ ಹತ್ತಿ ಕಡೀಬೇಕು. ಮ್ಯಾಲ ಮ್ಯಾಲ ಕಡದ್ರ ಕೂಳಿ ಬರಂಗಿಲ್ಲ."

ಅತ್ತೆಯ ತವರು ಹಳ್ಳಿಖೇಡ. ಸಕ್ಕರೆ ಕಾರ್ಖಾನೆಯ ಊರು, ಹುಟ್ಟಿದಾಗಿನಿಂದ ಕಬ್ಬು ನೋಡಿದವರು. ಕಬ್ಬು ಕಟಾವಾದ ಮೇಲೆ ನೆಲದಲ್ಲಿ ಉಳಿದ ಬುಡ ಮತ್ತೆ ಚಿಗುರಿ ಎರಡನೆಯ ಬೆಳೆ ಕೊಡುತ್ತದೆ. ಅದು ಕೂಳೆ. ಬಿತ್ತುವ ಕೆಲಸವಿಲ್ಲ, ಸರಿಯಾಗಿ ಕಡಿಯುವುದೇ ಕೆಲಸ.

"ಅದು ಕಬ್ಬಲ್ಲ ಅತ್ತಿ!"

"ಕಬ್ಬಲ್ಲ ಅಂದ್ರ? ಗಣಿಕಿ ಅವ, ಗಣಿಕಿಗೊಂದ್ ಕಣ್ಣ ಅದ. ಮತ್ತೇನಿರ್ತದ ಕಬ್ಬಿಗಿ? ಕೋಡ?"

ಗೆಣ್ಣು ಇದ್ದದ್ದು ಹೌದು, ಕಣ್ಣು ಇದ್ದದ್ದೂ ಹೌದು. ಆದರೆ ಅತ್ತೆ ಕಾದ ಹಾಗೆ ಆ ಬುಡದಿಂದ ಕೂಳೆ ಬರಲಿಲ್ಲ. ಅದು ಒಣಗಿ ಕಂದಾಯಿತು, ಇವತ್ತಿಗೂ ಹಾಗೇ ಇದೆ. ನಾನು ಅವರೊಂದಿಗೆ ಒಂದು ವಾರ ಮಾತು ಬಿಟ್ಟೆ. ಇಲ್ಲ, ವಾರವಲ್ಲ. ಮರುದಿನ ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಎಲ್ಲಿ ಎಂದು ಕೇಳಬೇಕಾಯಿತು. ವಾರ ಅನ್ನುವುದು ಸ್ಟಾಫ್ ರೂಮಿಗಾಗಿ ಉಜ್ಜಿದ ಜಾಗ.

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆಯನ್ನು ವರ್ಣಿಸುವ ಅಗತ್ಯವಿಲ್ಲ, ಅದು ತಾನೇ ಬಂದು ಮೈಮೇಲೆ ಕೂಡುತ್ತದೆ. ಎಲೆಗಳು ತೊಯ್ದ ಚರ್ಮದ ಹಾಗೆ ಜೋತುಬಿದ್ದವು. ಒಂದು ಬೆಳಿಗ್ಗೆ ಬಿಸಿಲು ನೇರ ಬಿದ್ದು ಒಂದು ಎಲೆಯ ಮೇಲೆ ಸುಟ್ಟ ಕಲೆಯಾಯಿತು. ಮಾವನ ಹಳೆಯ ಬಿಳಿ ಧೋತರವನ್ನು ಕಿಟಕಿಗೆ ಕಟ್ಟಿದೆ. ಬೆಳಕು ಬರಬೇಕು, ಬಿಸಿಲು ಬರಬಾರದು. ಕೂಲರನ್ನು ನಮ್ಮ ಕೋಣೆಗೆ ತಂದು, ಗಾಳಿ ನೇರ ಬಡಿಯದ ಹಾಗೆ ಗಿಡವನ್ನು ಅದರ ಪಕ್ಕಕ್ಕೆ ಇಟ್ಟೆ. ಆ ಒದ್ದೆ ಗಾಳಿಯಲ್ಲಿ ಎಲೆಗಳು ಮತ್ತೆ ಬಿಗಿಯಾದವು. ಹೊರಗೆ ಓಣಿಯ ಕಲ್ಲು ಕಾಯುತ್ತಿದ್ದಾಗ ನಮ್ಮ ಕೋಣೆಯ ಒಂದು ಮೂಲೆಯಲ್ಲಿ ಮಾತ್ರ ಬೇರೆ ಯಾವುದೋ ಊರಿನ ಹವೆ.

ನೀರು ಹಾಕುವುದನ್ನು ಬೇರುಗಳೇ ಕಲಿಸಿದವು. ಕುಂಡ ಪಾರದರ್ಶಕ ಪ್ಲಾಸ್ಟಿಕ್ಕಿನದು, ಒಳಗಿನದು ಕಾಣುತ್ತದೆ. ಒಳಗೆ ಮಣ್ಣಿಲ್ಲ, ಮರದ ತೊಗಟೆಯ ಚೂರು. ಬೇರು ಒಣಗಿದರೆ ಬೆಳ್ಳಿಯ ಬಣ್ಣ, ನೀರು ಕುಡಿದರೆ ಹಸಿರು. ಬೆಳ್ಳಿಯಾದಾಗ ಹಾಕು, ಹಸಿರಿದ್ದಾಗ ಬಿಡು. ಎಲೆಗಳ ನಡುವೆ, ಗಿಡದ ನೆತ್ತಿಯಲ್ಲಿ, ಒಂದು ಹನಿ ನಿಂತರೂ ಕೊಳೆಯುತ್ತದೆ. ಅದನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಕೂಸಿನ ಮೂಗ ಒರಸಿದಂಗ ಒರಸಾಕತ್ತಾಳ ನೋಡು. ತಲಿಗೊಂದ್ ಕುಂಚಗಿ ಹೊಲದು ಹಾಕವಾ."

ಮೃಗಶಿರ ಮಳೆ ಬಿದ್ದಾಗ ನಾನು ಮನೆಯಲ್ಲಿರಲಿಲ್ಲ. ಶಾಲೆ ಶುರುವಾಗುವ ಮೊದಲು ಕೆಲವು ದಿನ ತವರಿಗೆ ಹೋಗಿದ್ದೆ. ಹಿಂತಿರುಗಿ ಬಂದಾಗ ಪ್ಲಾಸ್ಟಿಕ್ ಕುಂಡ ತೊಳೆದು ಬೋರಲು ಹಾಕಿತ್ತು. ಪಕ್ಕದಲ್ಲಿ ದೊಡ್ಡ ಮಣ್ಣಿನ ಕುಂಡ, ಅದರ ತುಂಬ ಕಪ್ಪು ಎರೆಮಣ್ಣು, ಮಣ್ಣಿನಲ್ಲಿ ಕುತ್ತಿಗೆಯವರೆಗೆ ಹೂತ ನನ್ನ ಗಿಡ. ಕುಂಡಕ್ಕೆ ಅರಿಸಿನ ಕುಂಕುಮ ಬೇರೆ.

"ಮಿರ್ಗ ಮಳಿ ಬಂತು, ಹಚ್ಚೀನಿ," ಅಂದರು ಅತ್ತೆ. ಮುಖ ಬೆಳಗುತ್ತಿತ್ತು. "ಹಳ್ಳಿಖೇಡದಿಂದ ಅಣ್ಣನ ಹತ್ರ ತರಿಸೀನಿ ಈ ಮಣ್ಣ. ಕಟಗಿ ಚಕ್ಕಿಯಾಗ ಗಿಡ ಇಟ್ಟು ಉಪಾಸ ಕೆಡವಿದ್ದೆಲ್ಲ, ಈಗ ನೋಡು ಹ್ಯಾಂಗ ಚಿಗೀತದ!"

ಬೇರೆ ಊರಿನವರಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಎರೆಮಣ್ಣು ಇದ್ದವರಿಗೆ ಮಾತ್ರ ಅದು ಯಾವುದಕ್ಕಾದರೂ ಒಗ್ಗದೇ ಇರಬಹುದು ಎನ್ನುವುದು ಹೊಳೆಯುವುದಿಲ್ಲ. ಆ ಮಣ್ಣು ಅವರ ತವರು. ತವರಿನಿಂದ ತಂದದ್ದು ನಿನ್ನ ಗಿಡವನ್ನು ಕೊಲ್ಲುತ್ತದೆ ಎಂದು ಸೊಸೆ ಹೇಗೆ ಹೇಳಬೇಕು? ಹೇಳದೆ ಕೆಲವು ದಿನ ಕಳೆದೆ. ಮಳೆ ಹಿಡಿದುಕೊಂಡಿತು, ಮಣ್ಣು ಅಂಟಾಗಿ ಬಿಗಿಯಿತು, ಎಲೆಗಳ ಬುಡ ಹಳದಿಗೆ ತಿರುಗಿತು.

ಒಂದು ಭಾನುವಾರ ಪಡಸಾಲೆಯಲ್ಲಿ ಗೋಣಿ ಹಾಸಿ ಕುಂಡವನ್ನು ಬೋರಲು ಮಾಡಿದೆ. ಬೇರುಗಳು ಬೇಯಿಸಿದ ಅವರೆಕಾಯಿಯ ಸಿಪ್ಪೆಯ ಹಾಗೆ ಕೈಯಲ್ಲೇ ಕಳಚಿ ಬಂದವು. ಅತ್ತೆ ಬಂದು ನಿಂತರು. ತಮಾಷೆ ಮಾಡಲಿಲ್ಲ.

"ಸತ್ತದೇನ?"

"ಅರ್ಧಾ."

ಅವರು ಸೀರೆ ಎತ್ತಿ ಕಟ್ಟಿ ನನ್ನ ಎದುರಿಗೆ ಕುಳಿತರು. ಒಂದು ಬಕೆಟ್ಟು ನೀರಿನಲ್ಲಿ ಇಬ್ಬರೂ ಸೇರಿ ತವರಿನ ಮಣ್ಣನ್ನು ತೊಳೆದೆವು. ಕೊಳೆತದ್ದನ್ನು ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಅರಿಸಿನ ಮೆತ್ತಿದೆವು. ಇಸ್ತ್ರಿ ಅಂಗಡಿಯಿಂದ ಗಂಡ ಇದ್ದಿಲು ತಂದರು. ಅದರ ಜೊತೆ ಒಡೆದ ಹೆಂಚಿನ ಚೂರು, ತೆಂಗಿನಕಾಯಿಯ ಸಿಪ್ಪೆಯ ತುಂಡು. ಇಷ್ಟನ್ನು ಹಾಕಿ ಗಿಡವನ್ನು ಹಳೆಯ ಪ್ಲಾಸ್ಟಿಕ್ ಕುಂಡಕ್ಕೇ ಮರಳಿಸಿದೆವು.

"ಸೋತೆ ಅನ್ಕೋರಿ ಅತ್ತಿ," ಅಂದೆ. "ಕಪಾಟ ಇಟ್ಕೋರಿ."

"ಕಪಾಟದ ಮಾತ ಬ್ಯಾರೆ," ಅಂದರು ಅತ್ತೆ, ಕೈ ಒರೆಸುತ್ತ. "ಮದಿವಿ ಇನ್ನಾ ದೂರ ಅದ. ಈಗೇ ಯಾಕ ಬಾಯಿ ಬಿಡ್ತಿ?"

ಇದನ್ನು ಅವರು ಮೃದುವಾಗಿ ಅಂದರೋ ಗದರಿ ಅಂದರೋ ನನಗೆ ನೆನಪಿಲ್ಲ. ಎರಡೂ ಧ್ವನಿಯಲ್ಲಿ ಕೇಳಿಸುತ್ತದೆ.

ಮಳೆಗಾಲ ಗಿಡದ ಪಾಲಿಗೆ ಒಳ್ಳೆಯದಾಯಿತು. ಗಾಳಿಯಲ್ಲೇ ನೀರಿತ್ತು. ನೆತ್ತಿಯಿಂದ ಹೊಸ ಎಲೆಯೊಂದು ನಾಲಿಗೆಯಂತೆ ಹೊರಬಂತು. ಬೆಳ್ಳಿ ಬೇರುಗಳು ಕುಂಡದ ಅಂಚು ದಾಟಿ ಗಾಳಿಗೆ ಚಾಚಿದವು. "ಬೇರು ಒಳಗಿರಬೇಕು, ಇದು ನೋಡಿದ್ರ ಓಣಿ ಸುತ್ತಾಕ ಹೊಂಟದ" ಎಂದು ಅತ್ತೆ ಅವನ್ನು ಒಳಗೆ ತುರುಕಲು ಹೋದರು. ಈ ಸಲ ಕೈ ಹಿಡಿದೆ. ನಕ್ಕು ಬಿಟ್ಟರು.

ದೀಪಾವಳಿಯ ಹೊತ್ತಿಗೆ ಮದುವೆಯ ದಿನ ಗೊತ್ತಾಯಿತು. ಹೂವಿನ ಸುಳಿವಿಲ್ಲದ್ದು ಕಂಡು ಅತ್ತೆ ಬಡಿಗ ಖಾಜಾ ಮಿಯಾನನ್ನು ಕರೆಸಿದರು. ಕಪಾಟು ಎತ್ತರದ್ದು, ಕಿಟಕಿಯ ಕದ ಒಳಕ್ಕೆ ತೆರೆಯುತ್ತದೆ, ಎರಡೂ ಒಂದಕ್ಕೊಂದು ಬಡಿಯುತ್ತವೆ. ಕದಗಳನ್ನು ಕಳಚಿ ಚೌಕಟ್ಟಿಗೆ ಪ್ಲೈವುಡ್ ಬಡಿದುಬಿಡುವುದೆಂದು ತೀರ್ಮಾನವಾಯಿತು. ಖಾಜಾ ಮಿಯಾ ಅಳತೆ ಹಿಡಿದ, ಎರಡೂ ಕದ ಕಳಚಿದ, ಆ ಕಟ್ಟಿಗೆ ಚಲೋ ಇದೆ, ಮದುವೆಯ ಮಂಚಕ್ಕೆ ತಲೆಹಲಗೆ ಆಗುತ್ತದೋ ನೋಡುತ್ತೇನೆ ಎಂದು ಅವನ್ನು ಹೆಗಲಿಗೇರಿಸಿದ.

"ಪ್ಲೈವುಡ್ ತಗೊಂಡ್ ನಾಳಿ ಬಂದೇ ಬಿಟ್ಟೆ ಭಾಬಿ," ಎಂದು ನನಗೆ ಹೇಳಿ ಹೋದ.

ನಾನು ಅವನ ನಾಳೆಗೆ ಹೆದರುತ್ತ ಕೂತೆ. ಅದು ಬರಲಿಲ್ಲ. ಲಗ್ನದ ಸುಗ್ಗಿ, ಊರೆಲ್ಲ ಮಂಚ ಕಪಾಟು ಮಾಡಿಸುತ್ತಿತ್ತು. ಕದವಿಲ್ಲದ ಕಿಟಕಿಗೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟೆವು. ಚಳಿ ಬಂತು. ಬಯಲುಸೀಮೆಯ ಚಳಿಯ ಬಗ್ಗೆ ಯಾರೂ ಹೇಳುವುದಿಲ್ಲ, ನಮ್ಮ ಬಿಸಿಲಿಗೇ ಹೆಸರು. ಹಗಲು ಹಿತವಾದ ಬಿಸಿಲು, ಹೊತ್ತು ಮುಳುಗಿತೋ ಸೀರೆಯನ್ನು ಹಾರಿಸಿಕೊಂಡು ಥಂಡಿ ಒಳಗೆ ಬರುತ್ತಿತ್ತು. ನಾವು ಕೌದಿಯ ಮೇಲೆ ಕೌದಿ ಹೊದ್ದೆವು. ಅತ್ತೆ ದಿನಾ ಫೋನು ಹಚ್ಚುತ್ತಿದ್ದರು.

"ಎಲ್ಲಿದ್ದೀಯೋ ಖಾಜಾ? ನನ್ನ ಮಗ ಸೊಸಿ ಬರ್ಫ ಆಗ್ಯಾರ."

"ರಸ್ತಾದಾಗೇ ಇದೀನಿ ಅಮ್ಮಾ."

"ಯಾವ ರಸ್ತಾದಾಗ?"

"ಸೋಲಾಪುರದ್ದು," ಅಂದ.

ಈಗ ಇನ್ನೊಂದು ನುಣುಪು ಜಾಗ. ಈ ಜಾತಿಯ ಗಿಡಕ್ಕೆ ಹೂವಿನ ಕಡ್ಡಿ ಬರಬೇಕಾದರೆ ಕೆಲವು ವಾರ ಹಗಲಿಗಿಂತ ರಾತ್ರಿ ಚೆನ್ನಾಗಿ ತಂಪಾಗಬೇಕು. ಇದು ನನಗೆ ಮೊದಲೇ ಗೊತ್ತಿತ್ತು, ಆದ್ದರಿಂದಲೇ ಗಿಡವನ್ನು ಕಿಟಕಿಯಲ್ಲಿ ಬಿಟ್ಟೆ, ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಗೊತ್ತಿರಲಿಲ್ಲ. ಆಮೇಲೆ ಓದಿದೆ. ಆಗ ಅದನ್ನು ಇಡಲು ಬೆಳಕಿರುವ ಬೇರೆ ಜಾಗವೇ ಆ ಮನೆಯಲ್ಲಿರಲಿಲ್ಲ, ಅಷ್ಟೇ. ಕಿಟಕಿಯನ್ನು ಮುಚ್ಚಲು ಬಂದವನು ಅದನ್ನು ತೆರೆದಿಟ್ಟು ಹೋಗಿದ್ದ. ಊರೆಲ್ಲ ಕದ ಹಾಕಿಕೊಂಡು ಬೆಚ್ಚಗಿದ್ದ ಆ ಚಳಿಗಾಲದಲ್ಲಿ ನಮ್ಮ ಕಿಟಕಿಯೊಂದೇ ಬಯಲಾಗಿತ್ತು.

ಎಲೆಯೊಂದರ ಕಂಕುಳಿನಲ್ಲಿ ಹಸಿರು ಮೊನೆ ಕಂಡದ್ದು ಆಗ. ಬೇರೋ, ಹೂವಿನ ಕಡ್ಡಿಯೋ? ಗಂಡ ಅಂಗಡಿಯ ಟಾರ್ಚು ತಂದು ಬಗ್ಗಿ ನೋಡಿದರು.

"ಬೇರು. ಬೇರೇ ಅದು. ಆಸೆ ಇಟ್ಕೋಬ್ಯಾಡ."

ಬೇರಾದರೆ ತುದಿ ಉರುಟಾಗಿ ಹೊಳೆಯುತ್ತದೆ. ಇದರ ತುದಿ ಚಪ್ಪಟೆಯಾಗಿ, ಗಿಣಿಯ ಕೊಕ್ಕಿನ ಹಾಗೆ ಸೊಟ್ಟಗಿತ್ತು. ಕೆಳಗೆ ಬಾಗದೆ ಮೇಲಕ್ಕೆ ನೋಡುತ್ತಿತ್ತು. ಅತ್ತೆ ಮಗನನ್ನು ಪಕ್ಕಕ್ಕೆ ತಳ್ಳಿ ಕಣ್ಣು ಕಿರಿದು ಮಾಡಿದರು.

"ಕೂಳಿ ಬಂತು!"

"ನೀವು ಕಡದ ಬುಡದಿಂದ ಅಲ್ಲ ಅತ್ತಿ, ಎಲಿ ಸಂದಿಯಿಂದ."

"ಸಂದಿ ಯಾವುದರೇ ಇರ್ಲಿ. ಕಡದಿದ್ದಕ್ಕ ಬಂತು."

ಪೂರ್ತಿ ಸುಳ್ಳೂ ಅಲ್ಲ. ಹಳೆಯ ಕಡ್ಡಿಗೆ ಹೋಗಬೇಕಾದ ಕಸುವು ಬುಡದಲ್ಲೇ ಉಳಿದಿತ್ತು. ನಾನು ಬಯಸಿದ ಹಾಗೆ ಟಿಸಿಲು ಒಡೆಸಿದ್ದರೆ, ಎರೆಮಣ್ಣಿನ ಪೆಟ್ಟಿನ ನಂತರ ಆ ಗಿಡ ಬದುಕುತ್ತಿತ್ತೋ ಇಲ್ಲವೋ. ಆದರೆ ಇದನ್ನು ಅತ್ತೆಗೆ ಹೇಳಲು ನನಗೆ ಎರಡು ವರ್ಷ ಹಿಡಿಯಿತು.

ಹಾಗೆಂದು ಪಣ ಸಡಿಲಾಗಲಿಲ್ಲ. ಸಂಕ್ರಾಂತಿ ಕಳೆದು ಖಾಜಾ ಮಿಯಾ ಕೊನೆಗೂ ಬಂದ. ತಲೆಹಲಗೆಯಾಗದ ಕದಗಳು ಒಂದು ಹೆಗಲಿಗೆ, ಪ್ಲೈವುಡ್ ಇನ್ನೊಂದಕ್ಕೆ. ನಾನು ಕಿಟಕಿಗೆ ಅಡ್ಡ ನಿಂತೆ. ಅತ್ತೆ ನನ್ನನ್ನು ನೋಡಿದರು, ಗಿಡವನ್ನು ನೋಡಿದರು.

"ಕಡ್ಡಿ ಬಂದದ, ಹೂ ಬಂದಿಲ್ಲ," ಅಂದರು. "ಕದ ಹಚ್ಚು. ಪ್ಲೈವುಡ್ ಗ್ವಾಡಿಗಿ ಆನಿಸಿ ಇಡು. ನೋಡಮು."

ಹಾಗೆ ಆ ಹಲಗೆ ಗೋಡೆಗೆ ಒರಗಿ ಕೂತಿತು, ಪಕ್ಕದಲ್ಲಿ ಕಡ್ಡಿ ಬೆಳೆಯುತ್ತ ಹೋಯಿತು. ಬೆಳಿಗ್ಗೆ ಎದ್ದವಳೇ ಒಂದು ಕಣ್ಣಿನಿಂದ ಇದನ್ನೂ ಇನ್ನೊಂದರಿಂದ ಅದನ್ನೂ ನೋಡುತ್ತಿದ್ದೆ. ಕಡ್ಡಿ ಬೆಳಕಿನ ಕಡೆ ಬಾಗಿತು. ತುದಿಯಲ್ಲಿ ಮೊಗ್ಗುಗಳು ಕಂಡವು, ಮೊದಲು ಸಾಸಿವೆಯಷ್ಟು, ಆಮೇಲೆ ಕಡಲೆಯಷ್ಟು. ಕುಂಡವನ್ನು ಒಂದಿಷ್ಟೂ ತಿರುಗಿಸಬಾರದು, ತಿರುಗಿಸಿದರೆ ಕಡ್ಡಿ ನುಲಿಯುತ್ತದೆ ಎಂದು ಮನೆಯವರಿಗೆಲ್ಲ ಹೇಳಿದ್ದೆ.

ಮದುವೆ ಹತ್ತಿರ ಬಂತು. ಮನೆ ತುಂಬಿತು. ಒಂದು ದಿನ ಶಾಲೆಯಿಂದ ಬಂದಾಗ ಒಂದು ಮೊಗ್ಗು ಹಳದಿಯಾಗಿ ಕಟ್ಟೆಯ ಮೇಲೆ ಬಿದ್ದಿತ್ತು. ಮರುದಿನ ಇನ್ನೊಂದು. ನೀರು ಸರಿ ಇದೆ, ಬೇರು ಹಸಿರಿದೆ, ಬೆಳಕಿದೆ. ನನಗೆ ಅಳು ಬಂತು. ಮಂಚದ ಮೇಲೆ ಕೂತು ಫೋನಿನಲ್ಲಿ ಹುಡುಕುತ್ತಿದ್ದಾಗ ಕಾಲಿಗೆ ಏನೋ ತಗಲಿತು. ಬಗ್ಗಿ ನೋಡಿದರೆ ಮಂಚದ ಕೆಳಗೆ ಗೋಣಿ ಮುಚ್ಚಿದ ಬಾಳೆಗೊನೆಗಳು. ಬೀಗರಿಗೆಂದು ತಂದು, ಹಣ್ಣಾಗಲಿ ಎಂದು ನಮ್ಮ ಕೋಣೆಯಲ್ಲಿ ಇಟ್ಟಿದ್ದರು. ಹಣ್ಣಾಗುವ ಹಣ್ಣಿನಿಂದ ಬರುವ ಗಾಳಿ ಮೊಗ್ಗನ್ನು ಉದುರಿಸುತ್ತದೆ ಎಂದು ಆಗಷ್ಟೇ ಓದಿದ್ದೆ.

"ಇವನ್ನ ಈಗೇ ಹೊರಗ ಒಯ್ಯಿರಿ," ಎಂದು ಗಂಡನಿಗೆ ಹೇಳಿದೆ.

"ಬಾಳಿಹಣ್ಣಿನ ಗಾಳಿಗಿ ಹೂ ಉದುರ್ತದಾ? ಏನ್ ದೆವ್ವಿನ ಗಾಳಿ ಏನ ಅದು?"

ಬಾಗಿಲಿನಿಂದ ಅತ್ತೆ: "ಒಂದ್ ಹಣ್ಣ ಇಟ್ರ ಬುಟ್ಟಿ ಪೂರಾ ಹಣ್ಣಾಗೂದಿಲ್ಲೇನೋ? ಗಾಳಿಲಿಂದೇ ಆಗ್ತದ. ಎತ್ತು."

ಕಪಾಟಿನ ಒಡತಿ ಹಾಗೆ ಯಾಕೆ ಅಂದರು? ಎರಡು ಮೊಗ್ಗು ಬಿದ್ದದ್ದು ಅವರ ಗೆಲುವಿನ ದಾರಿ. ಗಂಡ ಗೊನೆಗಳನ್ನು ಹೊತ್ತು ಪಕ್ಕದ ಮನೆಯ ಮಾಳಿಗೆಗೆ ಸಾಗಿಸಿದರು. ಇದ್ದಿಲು ತಂದದ್ದು ಬಿಟ್ಟರೆ ಇಡೀ ವರ್ಷದಲ್ಲಿ ಈ ವಿಷಯಕ್ಕೆ ಅವರು ಹೊರಗೆ ನೋಡದೆ ಮಾಡಿದ ಕೆಲಸ ಅದೊಂದೇ. ಅದನ್ನು ಅವರು ಇಂದಿಗೂ ಮರೆತಿಲ್ಲ, ಮರೆಯಲು ಬಿಟ್ಟೂ ಇಲ್ಲ. ಮೊಗ್ಗು ಉದುರುವುದು ನಿಂತಿತು.

ಹಂದರ ಹಾಕುವ ದಿನ ಬೆಳಿಗ್ಗೆ. ಅದೇ ದಿನ ಕಪಾಟು ಸರಿಸುವುದೂ ಇತ್ತು. ನಾನು ಎದ್ದು ಧೋತರದ ಪರದೆ ಸರಿಸಿದೆ. ಮೊದಲ ಮೊಗ್ಗಿನ ಜಾಗದಲ್ಲಿ ಬಿಳಿಯದೇನೋ ಅಗಲವಾಗಿ ನಿಂತಿತ್ತು. ಆದರೆ ನನಗೆ ಕಂಡದ್ದು ಅದರ ಬೆನ್ನು. ಬೆಳಕು ಓಣಿಯ ಕಡೆಯಿಂದ, ಕಡ್ಡಿ ಬಾಗಿದ್ದು ಓಣಿಯ ಕಡೆಗೆ, ಹೂ ತೆರೆದದ್ದೂ ಓಣಿಗೇ. ಒಂದು ವರ್ಷ ಸೆರಗಿನಿಂದ ನೆತ್ತಿ ಒರೆಸಿದವಳಿಗೆ ಬೆನ್ನು ತೋರಿಸಿ ಅದು ಹೊರಗೆ ನೋಡುತ್ತಿತ್ತು.

ಹೊರಗೆ ಆಗಲೇ ಮಾತು ಕೇಳಿಸುತ್ತಿತ್ತು.

"ಪ್ಲಾಸ್ಟಿಕ್ ಅದ ತಗೋ. ಮದಿವಿಗಿ ತಂದಾರ."

"ಪ್ಲಾಸ್ಟಿಕ್‌ಗಿ ಮೊಗ್ಗಿ ಇರ್ತಾವೇನ? ನೋಡಲ್ಲಿ ಮೊಗ್ಗಿ."

ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಮ್ಮ ಕಿಟಕಿಯ ಕೆಳಗೆ ನಿಂತಿದ್ದರು. ಹಾಲಿನವನು ಬೈಕು ಬಂದ್ ಮಾಡಿ ನಿಂತಿದ್ದ. "ಅತ್ತೀ!" ಎಂದು ಕೂಗಿದೆ. ಅತ್ತೆ ಬಂದರು, ಹೂವಿನ ಬೆನ್ನು ನೋಡಿದರು, ಕುಂಡಕ್ಕೆ ಕೈ ಹಾಕಿದರು.

"ತಿರುಗಸಬ್ಯಾಡ್ರಿ!"

"ಮತ್ತ ಮಾರಿ ಹ್ಯಾಂಗ ನೋಡೂದು?"

"ಹೊರಗ ಹೋಗಿ ನೋಡ್ರಿ."

ಅತ್ತೆ ಚಪ್ಪಲಿ ಮೆಟ್ಟಿ ಓಣಿಗೆ ಇಳಿದರು. ಜನ ದಾರಿ ಬಿಟ್ಟರು. ಒಳಗಿನಿಂದ, ಸರಳುಗಳ ನಡುವೆ, ಹೂವಿನ ಪಕ್ಕದಲ್ಲಿ ಅವರ ಮುಖ ನನಗೆ ಕಾಣುತ್ತಿತ್ತು. ಬಹಳ ಹೊತ್ತು ನೋಡಿದರು. ಬಿಳಿ ರೆಕ್ಕೆ, ನಡುವೆ ನೇರಳೆ ನಾಲಿಗೆ. ಆಮೇಲೆ ಪ್ಲಾಸ್ಟಿಕ್ ಅಂದವಳ ಕಡೆ ತಿರುಗಿದರು.

"ಪ್ಲಾಸ್ಟಿಕ್ ಅಂತಿ? ಕೂಳಿ ಅದ, ಕೂಳಿ! ನಾ ಕಡದದ್ದು, ನಮ್ಮ ಸೊಸಿ ಬೆಳಸಿದ್ದು."

ಆ ಹೊತ್ತಿಗೇ ಕಪಾಟು ಹೊತ್ತ ನಾಲ್ವರು ಮಹೇಶನ ಕೋಣೆಯಿಂದ ಹೊರಬಿದ್ದು ನಮ್ಮ ಬಾಗಿಲಿಗೆ ಬಂದಿದ್ದರು. ಬೆವರುತ್ತಿದ್ದರು. "ಎಲ್ಲಿ ಇಳಸೋದ್ರಿ ಅಕ್ಕೋರೇ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಓಣಿಯಿಂದ, ಕಿಟಕಿಯ ಮೂಲಕ, ಹೂವಿನ ಮಗ್ಗುಲಿನಿಂದ ಅತ್ತೆಯ ದನಿ ಬಂತು.

"ಏ, ಖಿಡಕಿ ಕಡಿ ಬರಬ್ಯಾಡ್ರಿ! ಹೊರಗ ಹೊರಗ! ಪಡಸಾಲ್ಯಾಗ ಇಡ್ರಿ ಅದನ್ನ!"

ಪಡಸಾಲೆಯ ಹಾದಿಯಲ್ಲಿ ಅದನ್ನು ಇಳಿಸಿದರು. ಹಾದಿ ಅರ್ಧವಾಯಿತು. ಮದುವೆಗೆ ಬಂದ ಬೀಗರೆಲ್ಲ ಅದರ ಮುಂದೆ ಅಡ್ಡಡ್ಡ ಸರಿದೇ ಒಳಗೆ ಬಂದರು. ಪ್ಲೈವುಡ್ ಕೂಲರಿನ ಪಕ್ಕದ ಸ್ಟೂಲಿಗೆ ಮೇಲುಹಲಗೆಯಾಯಿತು. ಅದನ್ನು ಬಡಿಯುವಾಗ ಖಾಜಾ ಮಿಯಾ, ಕದ ತೆಗೆದವನು ತಾನು, ಆದ್ದರಿಂದ ಹೂವಿನಲ್ಲಿ ತನ್ನದೂ ಪಾಲಿದೆ ಅಂದ. ಅತ್ತೆ ಒಪ್ಪಲಿಲ್ಲ. ನಾನು ಒಪ್ಪಿದೆ.

ಮದುವೆ ಹುಮನಾಬಾದಿನ ಅದೇ ಫಂಕ್ಷನ್ ಹಾಲಿನಲ್ಲಿ, ಡೆಕೋರೇಷನ್ ಅಂದು ಕುಂಡ ಕೊಟ್ಟವನದೇ. ಫೋನಿನಲ್ಲಿ ತೆಗೆದ ಫೋಟೋವನ್ನು ಅವನ ಮುಂದೆ ಹಿಡಿದೆ. ಓಣಿಯಲ್ಲಿ ನಿಂತು ತೆಗೆದದ್ದು: ಸರಳು, ಹೂ, ಹಿಂದೆ ಧೋತರ. ಅವನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದ.

"ಧಂಧಾ ಯಾವಾಗ ಬಿಡ್ತೀರಿ?" ಎಂದೆ.

"ಅದು ಇರ್ಲಿ ಮೇಡಂ," ಅಂದ, ಫೋನು ವಾಪಸ್ಸು ಕೊಡದೆ. "ನಿಮ್ಮ ಎ.ಸಿ. ಮಷೀನ್ ಯಾವ ಕಂಪನಿ?"

ಅತ್ತೆ ಪಕ್ಕದಲ್ಲೇ ಇದ್ದರು. "ಖಾಜಾ ಮಿಯಾ ಕಂಪನಿ," ಅಂದರು.

ಅವನು ಧಂಧೆ ಬಿಡಲಿಲ್ಲ. ಹೂ ಉದುರಿದ ಕುಂಡಗಳನ್ನು ನಮಗೆ ಕೊಟ್ಟ. ವಾಪಸ್ಸು ಬರುವ ಜೀಪಿನಲ್ಲಿ ಹೆಂಗಸರ ತೊಡೆಯ ಮೇಲೆಲ್ಲ ಒಂದೊಂದು ಬೋಳು ಕಡ್ಡಿ. ಈಗ ನಮ್ಮ ಓಣಿಯ ಬೇರೆ ಕಿಟಕಿಗಳಲ್ಲೂ ಅವು ಇವೆ. ಕೆಲವು ಹೂ ಬಿಟ್ಟಿವೆ, ಕೆಲವು ಸತ್ತಿವೆ. ಒಂದು ಮನೆಯವರು ಎರೆಮಣ್ಣಿನಲ್ಲಿ ನೆಡಲು ಹೊರಟಾಗ ಅತ್ತೆ ಹೋಗಿ ಬೈದು ಬಂದರು, ಆ ಮಣ್ಣನ್ನು ಜಗತ್ತಿನಲ್ಲಿ ಯಾರೂ ಯಾವ ಕುಂಡಕ್ಕೂ ಹಾಕಿದ್ದೇ ಇಲ್ಲ ಎನ್ನುವ ಹಾಗೆ.

ಆ ಹೂ ಬೇಸಿಗೆ ಮುಗಿಯುವವರೆಗೆ ನಿಂತಿತ್ತು ಎಂದು ನನಗೆ ನೆನಪು. ಗಂಡ ಮಳೆಗಾಲದವರೆಗೆ ಅನ್ನುತ್ತಾರೆ. ಹೆಚ್ಚು ದಿನ ಹೇಳಿದವರ ಮಾತನ್ನೇ ಇಟ್ಟುಕೊಳ್ಳುತ್ತೇನೆ. ಅಂದಿನಿಂದ ಪ್ರತಿ ಚಳಿಗಾಲ ನಮ್ಮ ಕಿಟಕಿಯ ಕದ ಬೇಕೆಂದೇ ತೆರೆದಿರುತ್ತದೆ, ನಾವು ಕೌದಿಯೊಳಗೆ ನಡುಗುತ್ತೇವೆ, ಪ್ರತಿ ವರ್ಷ ಕಡ್ಡಿ ಬರುತ್ತದೆ. ಈ ವರ್ಷ ಎರಡು ಬಂದಿವೆ.

ಮೊನ್ನೆ ಕೂಲರು ಹಚ್ಚಿ, ಸ್ಟೂಲು ಸರಿಸಿ, ಸರಿಯಾಗಿದೆಯೇ ನೋಡೋಣವೆಂದು ಹೊರಟೆ. ಒಳಗಿನಿಂದ ಇಂದಿಗೂ ಬೆನ್ನೇ ಕಾಣುವುದು. ನಮ್ಮ ಹೂವಿನ ಮುಖ ನೋಡಬೇಕೆಂದರೆ ನಾವು ಕಪಾಟಿನ ಮುಂದೆ ಅಡ್ಡಡ್ಡ ಸರಿದು, ಚಪ್ಪಲಿ ಮೆಟ್ಟಿ, ಓಣಿಗೆ ಇಳಿಯಬೇಕು. ಇಳಿದೆ. ಅತ್ತೆ ಆಗಲೇ ಅಲ್ಲಿ ನಿಂತಿದ್ದರು.

"ಸರದು ನಿಂದ್ರು," ಅಂದರು ನನಗೆ, ಕಣ್ಣು ಕಿಟಕಿಯಿಂದ ಕೀಳದೆ. "ಬೆಳಕಿಗಿ ಅಡ್ಡ ಬರಾಕತ್ತಿ."